ಒಳ್ಳೇ ಕೈಗೆ ರಜೆ

ಸ್ಟ್ರೋಕ್ ಆದಮೇಲೆ ಅಪ್ಪನ ಬಲಗೈ ಸೋತಿದೆ. ಆದರೆ ಫಿಸಿಯೋಥೆರಪಿಸ್ಟ್ ಈಗ ಚೆನ್ನಾಗಿರುವ ಎಡಗೈಗೇ ದಪ್ಪ ಗವಸು ಹಾಕಿಸಿದ್ದಾರೆ. ಎಲ್ಲವನ್ನೂ ಎಡಗೈಯೇ ಮಾಡಿಬಿಟ್ಟರೆ ಬಲಗೈಯನ್ನು ಬಳಸುವುದೇ ಮಿದುಳಿಗೆ ಮರೆತುಹೋಗುತ್ತದಂತೆ. ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ ವಿಧಾನವಿದು. ಎಲ್ಲರಿಗೂ ಆಗಿಬರುವುದಿಲ್ಲ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಎತ್ತಲು ಬರಬೇಕು.

ಲೋಟ ಹಿಡಿಯುವುದು ಪರವಾಗಿಲ್ಲ, ಬಿಡುವುದೇ ಕಷ್ಟ. ಬೆರಳುಗಳು ಬಿಗಿದುಕೊಂಡಿರುತ್ತವೆ. ಹೆಬ್ಬೆರಳು ಮೊದಲು ಸಡಿಲವಾಗುತ್ತದೆ, ಕಿರುಬೆರಳು ತುಂಬಾ ಸತಾಯಿಸುತ್ತದೆ. ಪಕ್ಕದಲ್ಲಿ ಸುಮ್ನೆ ಕೂತು ನೋಡುವುದಿದೆಯಲ್ಲ, ಅದು ಅದಕ್ಕಿಂತ ಕಷ್ಟ! ಪ್ರೀತಿಯಿಂದ ಮಾಡುವ ಸಹಾಯವೂ ಒಮ್ಮೊಮ್ಮೆ ಅಡ್ಡಿಯೇ ಅಲ್ವಾ?

ಮುಂದಿನ ವಾರ ಅಂಗಿ ಗುಂಡಿ ಹಾಕುವ ಅಭ್ಯಾಸವಂತೆ. ಅಮ್ಮ ಈಗಲೇ ದೊಡ್ಡ ಗುಂಡಿಗಳ ಅಂಗಿ ಹುಡುಕಿಟ್ಟಿದ್ದಾರೆ. ಅಪ್ಪನಿಗೆ ಆ ಬಣ್ಣ ಇಷ್ಟವಿಲ್ಲ.