ಜಗಲಿಯ ಮೇಲೊಂದು ಹಿರೇಬೆಣಕಲ್

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಶಿಲಾಸಮಾಧಿಯೊಂದರ ಮಾದರಿಯನ್ನು ಇಂದು ಕೋಲಾರದ ನಮ್ಮ ಮನೆಯ ಜಗಲಿಯ ಮೇಲೆ ನಿಲ್ಲಿಸಿದೆ. ಅಡಿಗೆ ಒಂದು ಇಂಚಿನಂತೆ ಅಳತೆ ಹಿಡಿದದ್ದರಿಂದ, ಅಲ್ಲಿ ಆಳೆತ್ತರವನ್ನೂ ಮೀರಿದ ಚಪ್ಪಡಿಗಳು ಇಲ್ಲಿ 8 ಇಂಚಿಗೆ ಇಳಿದಿವೆ. ಕಲ್ಲು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ್ದು. ವಿಗ್ರಹ ಕೆತ್ತಿ ಉಳಿದ ತುಂಡುಗಳನ್ನು ಆರಿಸಿಕೊಟ್ಟ ಹಿರಿಯ ಶಿಲ್ಪಿಯೊಬ್ಬರು, "ಅವಸರ ಮಾಡಬೇಡಿ ಸಾರ್, ಕಲ್ಲು ನೋಡ್ಕೊಂಡು ಉಳಿ ಇಡಿ" ಎಂದಿದ್ದರು.

ಅಂಟು ಬಳಸಬಾರದೆಂಬುದು ನನ್ನ ಹಟವಾಗಿತ್ತು. ಚಪ್ಪಡಿಗಳನ್ನು ಒಂದರ ಅಂಚಿಗೆ ಇನ್ನೊಂದು ಒರಗುವಂತೆ ನಿಲ್ಲಿಸಿ ಮೇಲೆ ಮುಚ್ಚುಗಲ್ಲನ್ನು ಇಳಿಸಿದಾಗ, ಅದುವರೆಗೆ ಅಲುಗಾಡುತ್ತಿದ್ದ ಗೋಡೆಗಳು ಆ ಭಾರಕ್ಕೇ ಬಿಗಿಯಾಗಿ ನಿಂತದ್ದನ್ನು ಕಂಡು, ಗಾರೆಯಿಲ್ಲದೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಉಳಿದಿರುವ ಆ ಕಟ್ಟಡಗಳ ಜಾಣ್ಮೆ ನನ್ನ ಬೆರಳುಗಳಿಗೆ ಅರ್ಥವಾಯಿತು. ಎದುರುಗಲ್ಲಿನ ದುಂಡು ಕಿಂಡಿ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಎರಡು ಚಪ್ಪಡಿಗಳು ಒಡೆದವು. ಮೂರನೆಯದನ್ನು ಎರಡೂ ಬದಿಯಿಂದ ಮೆಲ್ಲಗೆ ಕುಟ್ಟುತ್ತಾ ಹೋಗಿ, ನಡುವೆ ಉಳಿದಿದ್ದ ತೆಳುಪದರ ಪುಡಿಯಾಗಿ ಉದುರಿದಾಗ ಉಸಿರು ಬಿಟ್ಟೆ.

ಜನ ಮೋರ್ಯರ ಗುಡ್ಡವೆಂದು ಕರೆಯುವ ಆ ಬೆಟ್ಟದಲ್ಲಿ ಇಂಥವು ನೂರಾರಿವೆ. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಗಲಿದವರಿಗಾಗಿ ಇಷ್ಟು ಬೆವರು ಸುರಿಸಿದವರ ಹೆಸರುಗಳಲ್ಲಿ ಒಂದೂ ನಮಗೆ ದಕ್ಕಿಲ್ಲವೆಂಬುದು ಕೆಲಸದ ನಡುವೆ ಮತ್ತೆ ಮತ್ತೆ ನೆನಪಾಗಿ ಮನಸ್ಸು ಭಾರವಾಗುತ್ತಿತ್ತು. ಸಂಜೆಯ ಬಿಸಿಲು ಈಗ ಕಿಂಡಿಯೊಳಗೆ ಹಾದು ಹಿಂಬದಿಯ ಕಲ್ಲಿನ ಮೇಲೆ ರೂಪಾಯಿಯಗಲ ಬಿದ್ದಿದೆ. ಬಡಿದರೆ ನಗಾರಿಯಂತೆ ಮೊಳಗುವ ಅಲ್ಲಿನ ಬಂಡೆಯನ್ನು ಮುಂದಿನ ಭಾನುವಾರ ಮಾಡಲು ತೊಡಗುತ್ತೇನೆ.