30 ಅಡಿ ರನ್‌ವೇ, 36 ಅಡಿ ರೆಕ್ಕೆ

ಕ್ಯಾಲಿಫೋರ್ನಿಯಾದಲ್ಲಿ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದೆ. ಗೋಲ್ಡನ್ ಗೇಟ್, ಯೊಸೆಮಿಟಿ ಎಲ್ಲ ನೋಡಿದ್ದಾಯಿತು, ಫೋಟೋಗಳಿವೆ. ಬರೆಯಬೇಕೆನಿಸಿದ್ದು ಮಾತ್ರ ಕೋಲಿಂಗಾ ಹತ್ತಿರದ ಹ್ಯಾರಿಸ್ ರಾಂಚಿನಲ್ಲಿ ಕಳೆದ ಅರ್ಧ ನಿಮಿಷವನ್ನು.

ಭಾವನಿಗೆ ಪೈಲಟ್ ಲೈಸೆನ್ಸ್ ಇದೆ. ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172 ಬಾಡಿಗೆಗೆ ತೆಗೆದುಕೊಂಡು ಸ್ಯಾನ್ ಹೋಸೆಯಿಂದ ಅಲ್ಲಿಗೆ ಊಟಕ್ಕೆ ಹೋದೆವು. ಪೈಲಟ್‌ಗಳು ಸ್ಟೇಕ್ (ಸುಟ್ಟ ದನದ ಮಾಂಸದ ತುಂಡು) ತಿನ್ನಲೆಂದೇ ಹಾರಿ ಬರುವ ಜಾಗ ಅದು. ನನ್ನ ಪಾಲಿಗೆ ಬಂದದ್ದು ಬೇಯಿಸಿದ ಆಲೂಗಡ್ಡೆ, ಅದೂ ಸಪ್ಪೆ.

ರನ್‌ವೇ ಅಗಲ 30 ಅಡಿ. ಸೆಸ್ನಾದ ರೆಕ್ಕೆ ಈ ತುದಿಯಿಂದ ಆ ತುದಿಗೆ 36 ಅಡಿ. ನಟ್ಟನಡುವೆ ನಿಂತರೂ ರೆಕ್ಕೆಗಳು ಎರಡೂ ಕಡೆ ಮಣ್ಣಿನ ಮೇಲೆ. ಊಟ ಮುಗಿಸಿ ಬಂದಾಗ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ, ವಿಂಡ್‌ಸಾಕ್, ಎಡದಿಂದ ಉಬ್ಬಿ ಅಡ್ಡಕ್ಕೆ ನಿಂತಿತ್ತು.

"ಹದಿನೈದು ನಾಟ್ ಅಡ್ಡಗಾಳಿ ತಡ್ಕೊಳತ್ತೆ ಅಂತ ವಿಮಾನದ ಪುಸ್ತಕದಲ್ಲೇ ಇದೆ ಕಣೋ" ಎಂದರು ಭಾವ. ನಾಟ್ ಅಂದರೆ ಗಾಳಿಯ ವೇಗದ ಅಳತೆ. ಅದು ಕಂಪನಿಯ ಪೈಲಟ್ ಹಾರಿಸಿ ತೋರಿಸಿದ ಲೆಕ್ಕವೆಂದು ಆಮೇಲೆ ಗೊತ್ತಾಯಿತು. ಭಾವ ಭಾನುವಾರದ ಪೈಲಟ್.

ವಿಮಾನ ಓಡತೊಡಗಿತು. ಗಾಳಿ ಬಾಲಕ್ಕೆ ಬಡಿದರೆ ಮೂತಿ ಗಾಳಿಯತ್ತ ಹೊರಳುತ್ತದೆ, ಪ್ರೊಪೆಲರಿನ ಎಳೆತವೂ ಎಡಕ್ಕೇ. ಮೂತಿ ತಿರುಗಿಸಲು ಕಾಲಡಿ ಎರಡು ಪೆಡಲ್ ಇರುತ್ತವೆ; ಬಲ ಪೆಡಲ್ ಒತ್ತಿ ಹಿಡಿಯಬೇಕು. ಇನ್ನೇನು ಎದ್ದಿತು ಅನ್ನುವಾಗ ಒಂದು ಬೀಸು ಬಂತು. ರನ್‌ವೇ ನಡುವಿನ ಬಿಳಿ ಗೆರೆ ಬಲಸೀಟಿನಲ್ಲಿದ್ದ ನನ್ನ ಕಿಟಕಿಯತ್ತ ಸರಿದುಹೋಯಿತು. ಎಡಚಕ್ರ ಮಣ್ಣಿಗಿಳಿಯಿತು, ಬಲರೆಕ್ಕೆಯ ತುದಿ ನೆಲ ಗೀರಿತು, ಮುಂದಿನ ಚಕ್ರ ಹೂತು ಪ್ರೊಪೆಲರ್ ಧಡ್ ಎಂದು ನಿಂತಿತು. ಬ್ಲೇಡಿನ ತುದಿ ಬಾಳೆಎಲೆಯ ಹಾಗೆ ಹಿಂದಕ್ಕೆ ಮಡಚಿತ್ತು. ನಮಗಿಬ್ಬರಿಗೂ ಒಂದು ತರಚು ಗಾಯವಿಲ್ಲ.

ಕೆಳಗಿಳಿದು ಭಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನ ಕಾಲು ಎಲ್ಲಿತ್ತೋ?"

"ಕೆಳಗೇ ಇತ್ತು ಭಾವ."

"ಕೆಳಗೆ ಅಂದ್ರೆ ಪೆಡಲ್ ಮೇಲಾ?"

"ಇಲ್ಲ, ಹಿಂದಕ್ಕೆ ಎಳ್ಕೊಂಡಿದ್ದೆ."

"ನೆನಪಿದ್ಯಾ?"

ನೆನಪಿರಲಿಲ್ಲ. ಬಲಸೀಟಿನ ಮುಂದೆಯೂ ಒಂದು ಜೊತೆ ಪೆಡಲ್ ಇರುತ್ತದೆ, ಪೈಲಟ್‌ನದಕ್ಕೆ ಜೋಡಿಸಿದ್ದು. ಹೆದರಿಕೆಯಲ್ಲಿ ನಾನು ಎಡಗಾಲು ಊರಿದೆನೋ, ಅವರೇ ಬಲಗಾಲು ಸಡಿಲಿಸಿದರೋ. ಮತ್ತೆ ಕೇಳಲಿಲ್ಲ ಅವರು. ಅದೇ ಇವತ್ತಿಗೂ ಚುಚ್ಚುತ್ತದೆ. ಸಣ್ಣ ವಿಮಾನದ ಮುಂದಿನ ಸೀಟು ಸಿಕ್ಕಿತೆಂದು ಹಿಗ್ಗುವವರು ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ಜಾರಿಸಿ, ಪಾದ ಎಲ್ಲಿಡಬೇಕೆಂದು ಬಾಯಿಬಿಟ್ಟು ಕೇಳಿ. ನನಗೆ ಯಾರೂ ಹೇಳಿರಲಿಲ್ಲ.

ಎರಡು ಗಂಟೆಗೂ ಮೀರಿ ಕಾರು ಓಡಿಸಿಕೊಂಡು ಅಕ್ಕ ಬಂದಳು. ನೆಲದ ಮೇಲೆ ಪ್ರೊಪೆಲರ್, ಚಕ್ರ, ರೆಕ್ಕೆತುದಿಗೆ ಬಿದ್ದ ಪೆಟ್ಟನ್ನು ಅಲ್ಲಿನ ಕಾನೂನು ಭಾರಿ ಹಾನಿ ಎಂದು ಎಣಿಸುವುದಿಲ್ಲವಂತೆ. ಭಾವ ಅದನ್ನೇ ಹಿಡಿದುಕೊಂಡರು. "ಇದು ಆಕ್ಸಿಡೆಂಟ್ ಅಲ್ಲ ಕಣೇ, ಬರೀ ಇನ್ಸಿಡೆಂಟ್. ಪ್ರೊಪೆಲರ್ ತಟ್ಟನೆ ನಿಂತಿತಲ್ಲ, ಎಂಜಿನ್ ಮಾತ್ರ ಪೂರ್ತಿ ಬಿಚ್ಚಿ ನೋಡಬೇಕು, ಅಷ್ಟೇ."

"ಸರಿ ರೀ, ಇನ್ಸಿಡೆಂಟ್‌ಗೆ ಎಷ್ಟು ಕಟ್ಬೇಕು?" ಎಂದಳು ಅಕ್ಕ.