ವರಯಾಡು ನೋಡಲು ಮುನ್ನಾರಿಗೆ: ಫೆಬ್ರವರಿಯಲ್ಲಿ ಮಾತ್ರ ಹೋಗಬೇಡಿ

ಮೊದಲ ಸಲ ನಾವು ಹೋಗಿದ್ದು ಫೆಬ್ರವರಿಯಲ್ಲಿ. ಗೇಟ್ ಮುಚ್ಚಿತ್ತು. ರೂಮು ಕೊಟ್ಟವರು 'ತೆರೆದಿರುತ್ತೆ ಸಾರ್' ಅಂದಿದ್ದರು, ನಾವೂ ಸುಮ್ನೆ ನಂಬಿದ್ದೆವು. ಎರವಿಕುಲಂ ನ್ಯಾಷನಲ್ ಪಾರ್ಕಿನಲ್ಲಿ ವರಯಾಡು, ಅಂದರೆ ನೀಲಗಿರಿ ತಾರ್ ಎಂಬ ಕಾಡುಮೇಕೆ, ಮರಿ ಹಾಕುವ ಕಾಲ ಅದು. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಪೂರ್ತಿ ಪ್ರವಾಸಿಗರಿಗೆ ಪ್ರವೇಶ ಇರುವುದಿಲ್ಲ. ಹೆಚ್ಚಾಗಿ ಒಂದು ಬಸಿರಿಗೆ ಒಂದೇ ಮರಿ. ಹಾಗಾಗಿ ಬೈದುಕೊಳ್ಳಲೂ ಮನಸ್ಸು ಬರಲಿಲ್ಲ.

ಎರಡನೇ ಸಲ ನವೆಂಬರಿನಲ್ಲಿ ಹೋದೆವು. ಬೆಂಗಳೂರಿನಿಂದ ಉಡುಮಲೈಪೇಟೆ, ಚಿನ್ನಾರ್, ಮರಯೂರು ದಾರಿ. ಕಾಡಿನ ರಸ್ತೆ, ಆನೆ ಇರುತ್ತವೆ, ಹಗಲಲ್ಲೇ ದಾಟಿ. ಮರಯೂರಿನ ಗಂಧದ ಮರಗಳನ್ನು ನೋಡಿ, ಅಲ್ಲಿನ ಬೆಲ್ಲ ಕೊಳ್ಳದೆ ಬರಬೇಡಿ. ಪಾರ್ಕಿನ ಚೆಕ್‌ಪೋಸ್ಟ್ ಇದೇ ದಾರಿಯಲ್ಲಿ, ಮುನ್ನಾರ್ ಪೇಟೆಗೆ ಮೊದಲೇ ಸಿಗುತ್ತದೆ. ಆದರೂ ಆ ದಿನವೇ ನುಗ್ಗಬೇಡಿ. ಪೇಟೆಯಲ್ಲಿ ಉಳಿದು, ಆನ್‌ಲೈನಿನಲ್ಲಿ ಬೆಳಗಿನ ಮೊದಲ ಟಿಕೆಟ್ ತೆಗೆದುಕೊಳ್ಳಿ. ಬಿಸಿಲೇರಿದ ಮೇಲೆ ಪ್ರಾಣಿಗಳು ಬಂಡೆ ಮೇಲೆ ಮಲಗಿಬಿಡುತ್ತವೆ, ಜನವೂ ಜಾಸ್ತಿ.

ನಿಮ್ಮ ಕಾರು ಒಳಗೆ ಹೋಗುವಂತಿಲ್ಲ, ಅರಣ್ಯ ಇಲಾಖೆಯ ಬಸ್ಸೇ ಪಾರ್ಕಿನೊಳಗಿನ ರಾಜಮಲೆಗೆ ಒಯ್ಯುತ್ತದೆ. ಆಮೇಲೆ ಟಾರು ರಸ್ತೆಯಲ್ಲಿ ಏರು ನಡಿಗೆ. ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಸ್ವೆಟರ್ ಇರಲಿ. ಮಂಜು ಕವಿದರೆ ವಾಪಸ್ ಹೊರಡಬೇಡಿ, ಕಾಯಿರಿ. ನಮಗೆ ಮುಕ್ಕಾಲು ಗಂಟೆ ಬರೀ ಬಿಳುಪು. ಅದು ಸರಿದಾಗ ಹತ್ತು ಹೆಜ್ಜೆ ಆಚೆ ಒಂದು ತಾಯಿ, ಮರಿ ನಿಂತಿದ್ದವು!

ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಹತ್ತಿರ ಬರುತ್ತದೆ ಅಂತ ಅದು ಸಾಕಿದ ಮೇಕೆಯಲ್ಲ. ಬಿಸ್ಕತ್ತು ಕೊಡಬೇಡಿ, ಮುಟ್ಟಬೇಡಿ, ಸೆಲ್ಫಿಗೆ ಅಡ್ಡ ಹಾಕಬೇಡಿ. ಸುಮ್ಮನೆ ನಿಂತರೆ ಅದೇ ಪಕ್ಕದಲ್ಲಿ ಹುಲ್ಲು ಮೇಯುತ್ತದೆ. ಇಳಿಜಾರು ಬಂಡೆಯಲ್ಲಿ ಅದು ಇಳಿಯುವುದನ್ನು ನೋಡಿದರೆ ನಮ್ಮ ಕಾಲೇ ನಡುಗುತ್ತವೆ. ಬೈನಾಕ್ಯುಲರ್ ಇದ್ದರೆ ದೂರದ ಗುಡ್ಡದಲ್ಲಿ ಕಪ್ಪು ಮೈಯ ದೊಡ್ಡ ಗಂಡನ್ನು ಹುಡುಕಿ. ಬೆನ್ನ ಮೇಲೆ ಬೆಳ್ಳಿ ಬಣ್ಣದ ಪಟ್ಟೆ ಇರುತ್ತದೆ, ಜೀನು ಹಾಕಿದ ಹಾಗೆ. ನಮಗೆ ಒಂದೇ ಒಂದು ಕಂಡಿತು.

ಅವು ಇಷ್ಟು ಧೈರ್ಯವಾಗಿರಲು ಕಾರಣವಿದೆ. ಹಿಂದೆ ಈ ಗುಡ್ಡ ಟೀ ತೋಟದ ದೊರೆಗಳ ಶಿಕಾರಿ ಜಾಗ. ಬೇಟೆಗೆ ಕಡಿವಾಣ ಹಾಕಿದವರೂ ಅವರೇ, ಕಾವಲಿದ್ದವರು ಮುದುವ ಬುಡಕಟ್ಟಿನವರು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. 2025ರ ಎಣಿಕೆಯಲ್ಲಿ ಕೇರಳ, ತಮಿಳುನಾಡು ಎರಡೂ ಸೇರಿ ಸಿಕ್ಕಿದ್ದು 2,668. ಅದರಲ್ಲಿ 841 ಈ ಒಂದೇ ಪಾರ್ಕಿನಲ್ಲಿ. ಈ ಎರಡು ರಾಜ್ಯ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇವು ಕಾಡಿನಲ್ಲಿ ಇಲ್ಲ. ಬೇಟೆ ನಿಂತರೂ ಅಕೇಶಿಯಾ ಜಾತಿಯ ವಾಟಲ್ ಗಿಡ, ನೀಲಗಿರಿ ಮರ ನೆಟ್ಟು ಎಷ್ಟೋ ಹುಲ್ಲುಗಾವಲು ಹಾಳಾಗಿದೆ. ಹುಲ್ಲಿಲ್ಲದೆ ಈ ಪ್ರಾಣಿ ಇಲ್ಲ. ಒಂದು ಕಾಲಕ್ಕೆ ನಮ್ಮ ಬ್ರಹ್ಮಗಿರಿಯವರೆಗೂ ಇದ್ದವು ಅನ್ನುತ್ತಾರೆ.

ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಿ ಕುರಿಂಜಿ ಹೂವೂ ನೋಡಬೇಕೆಂದರೆ 2030ರವರೆಗೆ ಕಾಯಬೇಕು, ಹಿಂದಿನದು 2018ರಲ್ಲಿ ಅರಳಿತ್ತು. 2030ರ ನೂಕುನುಗ್ಗಲಿಗಿಂತ ಈಗಲೇ, ವಾರದ ನಡುವೆ ಒಂದು ದಿನ ಹೋಗಿಬನ್ನಿ.